ಚಾಡಿ ಕೇಳುವ ಕಿವಿ

ಮೂಳೆಯ ಕ್ಯಾನ್ಸರ್ ಕೋಶಗಳು ಯಾರ ಮಾತು ಕೇಳಿ ಬೆಳೆಯುತ್ತವೆ ಎಂಬ ಪ್ರಶ್ನೆಗೆ ತಮ್ಮ ಸೇವಾವಧಿಯನ್ನೆಲ್ಲ ಮುಡಿಪಿಟ್ಟವರಲ್ಲಿ ನಮ್ಮ ಮೇಡಂ ಅವರ ಸ್ಥಾನ ದೊಡ್ಡದು. ಅದನ್ನು ಅಳೆದು ಹೇಳಲು ನಿವೃತ್ತಿಯ ಈ ಅಭಿನಂದನಾ ಸಂಪುಟದಲ್ಲಿ ಅವರ ಸರಿಸಮಾನರಾದ ವಿದ್ವಾಂಸರಿದ್ದಾರೆ. ಸಂಜೆ ಕಾಲೇಜಿನಲ್ಲಿ ಓದಿ, ಅವರ ಪ್ರಯೋಗಾಲಯದಲ್ಲಿ ಕೋಶಗಳನ್ನು ಸಾಕುವ ಕೆಲಸ ಮಾಡುತ್ತ ಬಂದ ನಾನು ಹೇಳಬಲ್ಲದ್ದು ಕಣ್ಣಾರೆ ಕಂಡಷ್ಟು ಮಾತ್ರ. ಅದರಲ್ಲೂ ತಪ್ಪಿದ್ದರೆ ಸಂಪಾದಕರು ತಿದ್ದಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ತರಗತಿಗೆ ಹೊತ್ತಾದರೂ ಕೋಶಗಳಿಗೆ ಪೋಷಕ ದ್ರವ ಬದಲಿಸದೆ ಹೊರಡಲು ನನಗೆ ಕಾಲು ಬರುತ್ತಿರಲಿಲ್ಲ. ಮೇಡಂ ಕೈಗವಸು ಹಾಕಿಕೊಂಡು ಬಂದು, "ನಡೀರಿ, ನಡೀರಿ. ಇವಕ್ಕೆ ನಾನು ಊಟ ಹಾಕ್ತೀನಿ. ನೀವು ಫೇಲಾದ್ರೆ ಇವೇನು ಬಂದು ನಿಮ್ಮ ಪರೀಕ್ಷೆ ಬರೀತಾವಾ?" ಎನ್ನುತ್ತಿದ್ದರು. ನನ್ನ ಪದವಿ ಮುಗಿಯುವವರೆಗೂ ಆ ಸಂಜೆಯ ಪಾಳಿ ಅವರದೇ ಆಗಿತ್ತು.

ರೋಗದೊಡನೆ ಹೋರಾಡುವ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಬಿಡುತ್ತವೆ. ಅವುಗಳ ಉದ್ದುದ್ದ ಹೆಸರು ನನ್ನ ನಾಲಿಗೆಗೆ ಹೊರಳದಿದ್ದಾಗ ಮೇಡಂ ಎಲ್ಲಕ್ಕೂ ಸೇರಿಸಿ 'ಚಾಡಿ' ಎಂದು ಹೆಸರಿಟ್ಟರು. "ಇಲ್ಲಿಂದ ಅಲ್ಲಿಗೆ ಮಾತು ಒಯ್ಯೋದೇ ಇವುಗಳ ಕೆಲಸ, ಇನ್ನೇನನ್ಬೇಕು?" ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಹೊಸದಾಗಿ ಬಂದ ಸಂಶೋಧಕಿಯೊಬ್ಬರು ಸರಬರಾಜುದಾರರಿಗೆ ಫೋನ್ ಮಾಡಿ, "ಎರಡು ಶೀಶೆ ಚಾಡಿ ಕಳಿಸಿ" ಎಂದುಬಿಟ್ಟರು. "ನಮ್ಮ ಆಫೀಸಲ್ಲಿ ಬೇಕಾದಷ್ಟಿದೆ ಮೇಡಂ, ಶೀಶೇಲಿ ತುಂಬೋದು ಹೇಗೆ?" ಎಂದು ಆ ಕಡೆಯಿಂದ ಉತ್ತರ ಬಂತು.

ಅಂಥದೊಂದು ಚಾಡಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂದು ಮೇಡಂ ಬಹುಕಾಲದಿಂದ ವಾದಿಸುತ್ತ ಬಂದಿದ್ದರು. ಒಂದು ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದನ್ನು ಹಾಕಿದ ತಟ್ಟೆಗಳಲ್ಲೇ ಕೋಶಗಳು ಒತ್ತೊತ್ತಾಗಿ ಬೆಳೆದಿದ್ದವು. ಇದು ನಿಜವಾದರೆ ಅವರ ವಾದವೇ ಮುರಿದುಬೀಳುತ್ತಿತ್ತು. ನಾನೇ ಶೀಶೆಗಳನ್ನು ಅದಲುಬದಲು ಮಾಡಿರಬೇಕೆಂದು ಹೇಳಿದೆ. ವಾದ ಉಳಿಸಿಕೊಳ್ಳಲು ಅವರಿಗೆ ಆ ಮಾತೊಂದೇ ಸಾಕಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. "ನಿಮ್ಮ ಮೇಲೇ ಯಾಕ್ರೀ ಗೂಬೆ ಕೂರಿಸ್ಕೊಳ್ತೀರಿ? ಅದು ಕೂರೋಕೆ ನನ್ನ ತಲೆ ಖಾಲಿ ಇಲ್ವಾ? ಶೀಶೆಗಳ ಹೆಸರು ಮುಚ್ಚಿ ಕೊಡ್ತೀನಿ, ಮತ್ತೆ ಮಾಡಿ."

ಮತ್ತೆ ಮಾಡಿದಾಗಲೂ ಅದೇ. ಹೆಸರಿನ ಮೇಲಿನ ಪಟ್ಟಿ ಕಿತ್ತು ನೋಡಿ, ಮೇಡಂ ಫಲಿತಾಂಶವನ್ನು ತಾವೇ ಪುಸ್ತಕದಲ್ಲಿ ಬರೆದಿಟ್ಟರು. ಆಮೇಲೆ ನಕ್ಕರು. "ಕಾವಲುಗಾರ ಅಂತ ನಂಬಿದ್ದೆ, ಕಳ್ಳನಿಗೇ ಬಾಗಿಲು ತೆಗೀತಿದ್ದಾನಲ್ಲ!"

ವಿಭಾಗದ ಸಭೆಯಲ್ಲಿ ತಮ್ಮ ವಾದ ತಪ್ಪೆಂದು ತಾವೇ ಎದ್ದು ಹೇಳಿದರು. "ಹಾಗಾದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಅನ್ನಿ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೆಣಕಿದಾಗ, "ಚಾಡಿ ಹೇಳೋರ ಬಾಯಿ ಮುಚ್ಚೋಕಾಗಲ್ಲ ಸರ್, ಕೇಳೋರ ಕಿವಿ ಮುಚ್ಚಿ ನೋಡೋಣ" ಎಂದರು. ಕ್ಯಾನ್ಸರ್ ಕೋಶದ ಮೈಮೇಲೆ ಆ ಪ್ರೋಟೀನು ಬಂದು ಕೂರುವ ಜಾಗವನ್ನೇ ತಡೆದೆವು, ಬೆಳವಣಿಗೆ ತಗ್ಗಿತು. ತಟ್ಟೆಯಲ್ಲಿ ತಗ್ಗಿದ್ದು ರೋಗಿಯಲ್ಲೂ ತಗ್ಗುತ್ತದೆಂದು ಅವರು ಎಂದೂ ಹೇಳಲಿಲ್ಲ, ನಮಗೂ ಹೇಳಗೊಡಲಿಲ್ಲ. ಇಂದು ಕಿರಿಯರು ಮುಂದುವರಿಸುತ್ತಿರುವುದು ಆ ಕೆಲಸವನ್ನೇ.

ಮೇಡಂ, ನಿಮಗೆ ಆಯುರಾರೋಗ್ಯ ತುಂಬಿರಲಿ. ಅರ್ಧಕ್ಕೆ ನಿಂತ ನಿಮ್ಮ ಪುಸ್ತಕ ಪೂರ್ಣವಾಗಲಿ. ಕೋಶಗಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕದವರು ಯಾರು, ಯಾವ ತಟ್ಟೆ ಯಾರ ವಾದವನ್ನು ಮುರಿಯಿತು ಎಂಬುದನ್ನೆಲ್ಲ ಆಗಾಗ ನಿಮ್ಮ ಮನೆಗೇ ಬಂದು ಹೇಳುತ್ತೇನೆ. ಈ ಒಂದು ಚಾಡಿಗೆ ಮಾತ್ರ ದಯವಿಟ್ಟು ಕಿವಿ ಮುಚ್ಚಬೇಡಿ.