ಮಣ್ಣು ಮೆತ್ತಿದ ಬೀಗ

ಇಚಲಕರಂಜಿಯ ಕಾರ್ಖಾನೆಯೊಂದರಲ್ಲಿ ಮಗ್ಗ ನಡೆಸುತ್ತಿದ್ದ ಜಿನಗೊಂಡ ಸೈಕಲ್ ಕೊಂಡದ್ದು ಮೆರೆಯಲಿಕ್ಕಲ್ಲ, ಹೆಂಡತಿಯ ಜೊತೆ ಕೂತು ಉಣ್ಣಲಿಕ್ಕೆ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ಹಗಲು ಪಾಳಿ ಮುಗಿಸಿ ಪಂಚಗಂಗೆಯ ದಂಡೆಯ ತೋಟದ ಮನೆಗೆ ಅವನು ನಡೆದು ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅವನಿಲ್ಲದೆ ಹೆಂಡತಿ ಶಾಲನ ಉಣ್ಣುತ್ತಿರಲಿಲ್ಲ. ಮದುವೆಯಾದ ವರ್ಷವೆಲ್ಲ ಇಬ್ಬರೂ ಖಾಲಿ ಹೊಟ್ಟೆಯಲ್ಲೇ ಮಲಗಿದವರು. ೧೯೩೮ರಲ್ಲಿ ಒಂದು ಹಳೆಯ ಸೈಕಲ್ ಬಂತು. ಅಂದು ಸಂಜೆ ಬಿಸಿಲಿರುವಾಗಲೇ ರೊಟ್ಟಿ ಮುರಿಯುತ್ತ ಇಬ್ಬರೂ ಸುಮ್ಮಸುಮ್ಮನೆ ನಕ್ಕರು.

ಆ ನಗು ಇನ್ನೂ ಆರಿರಲಿಲ್ಲ, ಜಿನಗೊಂಡನಿಗೆ ಕಳ್ಳರ ಚಿಂತೆ ಹತ್ತಿತು. ಚಿಂತೆಯನ್ನು ಹುಡುಕಿಕೊಂಡು ಹೋಗುವ ಜಾತಿಯ ಮನುಷ್ಯ ಅವನು. ಮನೆಯೋ ಒಂದೇ ಅಂಕಣದ್ದು. ಸೈಕಲ್ ಒಳಗೆ ಬಂದರೆ ಇವರು ಹೊರಗೆ ಮಲಗಬೇಕು. ಕೈಯಲ್ಲಿ ದುಡ್ಡು ಉಳಿದಿರಲಿಲ್ಲ. ತೋಟದಲ್ಲಿ ಗುದ್ದಲಿ, ಕುರಪಿ ಇಡುವ ಗುಡಿಸಲನ್ನೇ ಭದ್ರ ಮಾಡಲು ಹೊರಟ. ಕಾರ್ಖಾನೆಯಲ್ಲಿ ಮುರಿದುಬಿದ್ದಿದ್ದ ಮಗ್ಗದ ಸಾಗವಾನಿ ಹಲಗೆಗಳನ್ನು ಮಾಲಕರನ್ನು ಕೇಳಿ ಹೊತ್ತು ತಂದು, ಆನೆ ಗುದ್ದಿದರೂ ಜಗ್ಗದಂಥ ಬಾಗಿಲು ಮಾಡಿದ. ಅಪ್ಪನ ಕಾಲದ ಕಬ್ಬಿಣದ ಬೀಗ ಜಡಿದ. ಕೀಲಿ ಉಡಿದಾರಕ್ಕೆ ಕಟ್ಟಿಕೊಂಡ. ಮಲಗುವ ಮುಂಚೆ ಬೀಗ ಜಗ್ಗಿ ನೋಡಿ ಬಂದರೇ ಅವನಿಗೆ ನಿದ್ದೆ.

ಭಾದ್ರಪದದಲ್ಲಿ ಜೈನರ ಹತ್ತು ದಿನಗಳ ಪರ್ವ ಬಂತು. ಜಿನಗೊಂಡ ರಜೆ ಹಾಕಿ, ಉಪವಾಸ ಹಿಡಿದು, ದಿನಾ ಬಸದಿಗೆ ಬರಿಗಾಲಲ್ಲಿ ನಡೆದ. ಸೈಕಲ್ ಗುಡಿಸಲಲ್ಲೇ ಉಳಿಯಿತು. ಆ ಬಿಡುವಿನಲ್ಲಿ ಒಂದು ಕುಂಬಾರ ಹುಳ ಬೀಗದ ತೂತು ಕಂಡಿತು. ಹಸಿ ಮಣ್ಣು ತಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಬಾಯಿ ಮೆತ್ತಿಬಿಟ್ಟಿತು. ಕತ್ತಲಲ್ಲಿ ಜಗ್ಗುತ್ತಿದ್ದ ಜಿನಗೊಂಡನ ಕೈಗೆ ಅದು ತಿಳಿಯಲೇ ಇಲ್ಲ.

ಪರ್ವ ಮುಗಿದ ಮರುದಿನ ಕೆಲಸಕ್ಕೆ ಹೊರಟು ಕೀಲಿ ಹಾಕಲು ಹೋದ, ಮಣ್ಣು ಕಂಡಿತು. ಪಕ್ಕದ ತೋಟದ ಪರಪ್ಪ ಕಡ್ಡಿಯಿಂದ ತಿವಿದು ತೆಗೆ ಎಂದ. ತಿವಿಯುವುದು ಹೇಗೆ? ಹಿಂದಿನ ದಿನವಷ್ಟೇ ಜಿನಗೊಂಡ ಬಸದಿಯಲ್ಲಿ ಕೈಮುಗಿದು ಸಕಲ ಜೀವಿಗಳ ಕ್ಷಮೆ ಕೇಳಿ ಬಂದಿದ್ದ. ಸಕಲ ಜೀವಿಗಳಲ್ಲಿ ಕುಂಬಾರ ಹುಳವೂ ಬಂತಲ್ಲ! ಪರಪ್ಪ ಹೊಟ್ಟೆ ಹಿಡಿದು ನಕ್ಕ. ಜಿನಗೊಂಡ ಕಾಲೆಳೆಯುತ್ತ ನಡೆದೇ ಹೋದ.

ಸಂಜೆ ಮನೆ ಮುಟ್ಟಿದಾಗ ಕತ್ತಲು. ಶಾಲನ ಮಾಡಿದ ಅಡಿಗೆ ಹಾಗೇ ಇತ್ತು. ಅವಳು ಅದನ್ನು ಮುಚ್ಚಿಟ್ಟು ಚಾಪೆ ಹಾಸಿದಳು. ಅದೇ ಅವನಿಗೆ ಹೆಚ್ಚು ಸಂಕಟವಾಯಿತು. ಹುಳದ ಮರಿಗಳು ಯಾವಾಗ ಹಾರಿಹೋಗುತ್ತವೋ, ಅಲ್ಲಿಯವರೆಗೆ ಇವಳಿಗೆ ಇದೇ ಉಪವಾಸವೇ?

ಬೆಳಿಗ್ಗೆ ಎದ್ದು ನೋಡಿದರೆ ಸೈಕಲ್ ಅಂಗಳದಲ್ಲಿ ನಿಂತಿದೆ. ಜಿನಗೊಂಡ ಗುಡಿಸಲಿಗೆ ಓಡಿದ. ಬೀಗ ಇದ್ದಲ್ಲೇ ಇತ್ತು, ಮಣ್ಣೂ ಹಾಗೇ ಇತ್ತು. ತಿರುಗಿ ನೋಡಿದರೆ ಶಾಲನ.

“ಹಿಂದಿನ ತಟ್ಟಿ ಸರಿಸಿ ತಂದೇನ್ರಿ. ಕುರಪಿ ತರಾಕ ನಾ ದಿನಾ ಅಲ್ಲಿಂದನ ಹೋಗ್ತೇನಿ.”

ಹೌದು, ಬಾಗಿಲೇನೋ ಸಾಗವಾನಿಯದು. ಗೋಡೆ ಮಾತ್ರ ಕಬ್ಬಿನ ಒಣ ಎಲೆಯ ತಟ್ಟಿ. ಅದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?”

“ಬೀಗ ಜಗ್ಗಿ ಬಂದು ಆರಾಮ ಮಲಗ್ತಿದ್ರಿ. ಹೇಳಿದ್ರ ನಿಮ್ಮ ನಿದ್ದಿ ಹೋಗ್ತಿತ್ರಿ.”

ಜಿನಗೊಂಡನಿಗೆ ಮೊದಲು ನಾಚಿಕೆ, ಆಮೇಲೆ ತಡೆಯಲಾರದ ನಗು. ಇಂಥ ಹೆಂಡತಿ ತನಗೆ ಸಿಕ್ಕಳಲ್ಲ ಎಂದು ಕಣ್ಣು ತುಂಬಿದವು.

ಮರಿಗಳು ಹಾರಿಹೋದ ಮೇಲೂ ಅವನು ಆ ಬೀಗ ತೆಗೆಯಲಿಲ್ಲ. ಮಣ್ಣು ಮೆತ್ತಿದ ಬೀಗ ಕಂಡವರು ಈ ಗುಡಿಸಲನ್ನು ವರ್ಷಗಟ್ಟಲೆ ಯಾರೂ ತೆಗೆದಿಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಸೈಕಲ್ ಮಾತ್ರ ದಿನಾ ಹಿತ್ತಲ ಕಡೆಯಿಂದ ಹೋಗಿ ಬರುತ್ತಿತ್ತು. ಸಂಜೆ ತಟ್ಟಿಯ ಹತ್ತಿರ ಅವನು ಗಂಟೆ ಬಾರಿಸಿದರೆ ಶಾಲನ ಎರಡು ತಾಟು ಹಾಕುತ್ತಿದ್ದಳು. ಅಂಗಳದಲ್ಲಿ ಆಗ ಇನ್ನೂ ಬಿಸಿಲು ಇರುತ್ತಿತ್ತು.