ಎಡಗೆನ್ನೆಯ ಮಚ್ಚೆ

ಕುಳಗೇರಿ ಕ್ರಾಸಿನ ಬಡಿಗ ಮಲಕಪ್ಪ ತೀರಿಕೊಂಡು ಇಪ್ಪತ್ತಾರು ದಿನಗಳಾದವು. ಬಾಗಿಲು, ಚೌಕಟ್ಟು, ದೇವರ ಮಂಟಪ ಮಾಡುತ್ತಿದ್ದ. ಯಾವ ವಸ್ತು ಕೈಗೆ ಸಿಕ್ಕರೂ ತಿರುಗಿಸಿ ತಳ ನೋಡುತ್ತಿದ್ದ. ನಮ್ಮ ಮನೆಯ ಚಹಾದ ಬಸಿಯನ್ನೂ ಬಿಟ್ಟವನಲ್ಲ. “ಮಾಡಿದವನ ಕೈ ತಳದಾಗ ಕಾಣತೈತಿ ಮಾಸ್ತರ” ಎನ್ನುತ್ತಿದ್ದ.

ಹೋದ ವರ್ಷ ನಾನು ಬಾಗಲಕೋಟೆಯಿಂದ ಮರಗೆತ್ತನೆಯ ಪುಸ್ತಕವೊಂದನ್ನು ತಂದಿದ್ದೆ. ಅದರಲ್ಲಿ ನೈಜೀರಿಯಾದ ಯೊರುಬಾ ಜನರ ಗೇಣುದ್ದದ ಗೊಂಬೆಯ ಚಿತ್ರವಿತ್ತು. ಅವರಲ್ಲಿ ಅವಳಿ ಮಕ್ಕಳು ಹೆಚ್ಚು. ಒಂದು ಕೂಸು ಸತ್ತರೆ ಅದರ ಹೆಸರಿನಲ್ಲಿ ಕಟ್ಟಿಗೆಯ ಗೊಂಬೆ ಕೆತ್ತಿಸುತ್ತಿದ್ದರು. ತಾಯಿ ಅದನ್ನು ಮೀಯಿಸಿ, ಎಣ್ಣೆ ಹಚ್ಚಿ, ಉಣಿಸುತ್ತಿದ್ದಳು.

ಮಲಕಪ್ಪ ಚಿತ್ರವನ್ನು ಬೆಳಕಿಗೆ ಹಿಡಿದ. “ಇದರ ಮೂಗು ಯಾಕ ಸವದೈತಿ?”

“ತಾಯಿ ತೊಳದೂ ತೊಳದೂ.”

“ಸತ್ತದ್ದು ಕೂಸು ಅಂತಿ. ಮತ್ತ ದೊಡ್ಡವರ ಮೈ ಯಾಕ?”

“ಅವರು ಕೆತ್ತೋದೇ ಹಂಗಂತ. ಕಾರಣ ನನಗೂ ಪೂರಾ ತಿಳೀಲಿಲ್ಲ.”

ಪುಸ್ತಕ ಮುಚ್ಚಿ ಹೇಳಿದ: “ನಾನೂ ಜೋಡಿ ಹುಟ್ಟಿದಂವ, ಮಾಸ್ತರ.”

ಮೂವತ್ತು ವರ್ಷದ ಗೆಳೆತನದಲ್ಲಿ ನನಗಿದು ಗೊತ್ತಿರಲಿಲ್ಲ. ಅವನ ಜೊತೆ ಹುಟ್ಟಿದ ಚಂದಪ್ಪ ಮೂರನೆಯ ವರ್ಷಕ್ಕೆ ಜ್ವರದಿಂದ ಹೋಗಿದ್ದ. ತಾಯಿ ಗುರುಸಿದ್ದವ್ವ ಆಮೇಲೆ ಆ ಹೆಸರನ್ನೇ ಎತ್ತಿರಲಿಲ್ಲ. “ಅವ ಹೆಂಗಿದ್ದ ಅಂತ ಅವ್ವನ ಬಾಯಿಲೆ ಒಮ್ಮಿ ಕೇಳಬೇಕು. ಆಕಿಗೂ ಎಂಬತ್ನಾಕು ಆತು” ಎಂದ.

ಮರುದಿನವೇ ಅಂಗಡಿಯಲ್ಲಿ ಗಡ್ಡ ಹೆರೆಯುವ ಕನ್ನಡಿ ತೂಗುಹಾಕಿ, ತನ್ನ ಮುಖವನ್ನೇ ನೋಡಿಕೊಂಡು ಬೇವಿನ ತುಂಡಿನಲ್ಲಿ ಕೆತ್ತತೊಡಗಿದ.

“ಮೂರು ವರ್ಷದವಗ ಬೋಳ ತಲಿ ಏನಲೇ?” ಎಂದೆ.

“ಈಗ ಅವಗೂ ಅರವತ್ತೊಂದು.”

ಗೊಂಬೆ ಮುಗಿದ ದಿನ ತಪ್ಪು ನನ್ನ ಕಣ್ಣಿಗೆ ಬಿತ್ತು. “ಲೇ, ನಿನ್ನ ಮಚ್ಚಿ ಬಲಗಲ್ಲದಾಗೈತಿ. ಇದಕ್ಕ ಎಡಕ್ಕ ಮಾಡೀಯಲ್ಲ!”

ಕನ್ನಡಿಯಲ್ಲಿ ಕಂಡಂತೆ ಕೆತ್ತಿದ್ದರಿಂದ ಎಡಬಲ ಅದಲುಬದಲಾಗಿತ್ತು. ಪಳಗಿದ ಬಡಿಗ, ನಾಚಿಕೊಂಡು ಉಳಿ ಎತ್ತಿದ. ಅಷ್ಟರಲ್ಲಿ ರೊಟ್ಟಿಗೆ ಕರೆಯಲು ಅಂಗಡಿಯ ಹಿಂದಿನ ಮನೆಯಿಂದ ಗುರುಸಿದ್ದವ್ವ ಬಂದಳು.

“ಅದನ್ಯಾಕ ಕೆರೀತಿಯೋ?” ಎಂದು ಗೊಂಬೆ ಕಸಿದುಕೊಂಡಳು. ಹೆಬ್ಬೆರಳಿನಿಂದ ಮಚ್ಚೆ ಮುಟ್ಟಿ ನೋಡಿದಳು. ಅಲ್ಲೇ ಕಟ್ಟಿಗೆಯ ಹೊಟ್ಟಿನ ಮೇಲೆ ಕುಳಿತಳು. “ಚಂದಪ್ಪ... ಅವಂದು ಎಡಕ್ಕ, ನಿಂದು ಬಲಕ್ಕ. ಎಣ್ಣಿ ಹಚ್ಚುವಾಗ ಮಚ್ಚಿ ನೋಡೇ ನಿಮ್ಮನ್ನ ಗುರ್ತು ಹಿಡೀತಿದ್ದೆ. ನೀ ಅಳಬುರುಕ. ಅವ ನಿನ್ನ ಪಾಲಿನ ಬೆಲ್ಲಾನೂ ತಿಂದು ನಗತಿದ್ದ.”

“ನನ್ನ ಬೆಲ್ಲ ತಿಂದೇನೋ ಭಾಡ್ಯಾ?” ಮಲಕಪ್ಪ ಗೊಂಬೆಯನ್ನು ಕೇಳಿದ. ಆಮೇಲೆ ತಾಯಿಯತ್ತ ಸರಿದು, “ಮತ್ತ ಏನು ಮಾಡ್ತಿದ್ದ, ಅವ್ವಾ?” ಎಂದ.

ಅಂದು ರೊಟ್ಟಿ ತಣ್ಣಗಾದವು. ನಾನು ಎದ್ದು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅಂದಿನಿಂದ ಗುರುಸಿದ್ದವ್ವ ಗೊಂಬೆಗೆ ದಿನಾ ಎಣ್ಣೆ ಹಚ್ಚುತ್ತಿದ್ದಳು. ಯೊರುಬಾ ತಾಯಂದಿರ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ.

ನಿನ್ನೆ ಅವಳನ್ನು ಮಾತಾಡಿಸಲು ಹೋಗಿದ್ದೆ. ಅಂಗಡಿಯ ಕನ್ನಡಿಯನ್ನು ಮನೆಗೆ ತರಿಸಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಗೊಂಬೆ ಅದಕ್ಕೆ ಎದುರಾಗಿ ನಿಂತಿತ್ತು.

“ಬಾಪ್ಪಾ ಮಾಸ್ತರ. ಇಂವ ಚಂದಪ್ಪ. ಒಳಗ ನೋಡು, ಅಂವ ಯಾರು?”

ಬಗ್ಗಿ ನೋಡಿದೆ. ಕನ್ನಡಿಯೊಳಗಿನವನಿಗೆ ಮಚ್ಚೆ ಬಲಕ್ಕಿತ್ತು. ಅವನ ತಲೆಯ ಜಾಗದಲ್ಲಿ, ಗಾಜಿನ ಮೇಲೆ, ಎಣ್ಣೆಯ ಬೆರಳಿನ ಗುರುತುಗಳಿದ್ದವು.