ಲಿಲ್ಲಿ ಗಿಡದ ಸುತ್ತ ಹೊಡೆದ ಗೂಟ

ಸಸ್ಯ ಸಮೀಕ್ಷೆಗಾಗಿ ಹುಡುಕುತ್ತಿದ್ದ ಆ ಕಾಡು ಲಿಲ್ಲಿ ನಮ್ಮ ಸೀಮೆಯಲ್ಲಿ ಉಳಿದೇ ಇಲ್ಲ ಅಂದುಕೊಂಡಿದ್ದೆ. ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸ್ ಹಿಂದಿನ ಬಯಲಲ್ಲಿ ಏಳು ಗಿಡ ಕಂಡವು. ಹೂ ಬಿಡದೆ ಜಾತಿ ಖಾತ್ರಿಯಾಗುವುದಿಲ್ಲ. ಅಲ್ಲಿಯವರೆಗೆ ಯಾರೂ ತುಳಿಯದಿರಲಿ ಎಂದು ಸುತ್ತ ಗೂಟ ಹೊಡೆದು, ಕೆಂಪು ದಾರ ಕಟ್ಟಿ ಬಂದೆ.

ವಾರ ಬಿಟ್ಟು ಹೋದರೆ ಅಲ್ಲೊಬ್ಬ ತಾತ ಕಾವಲು ಕೂತಿದ್ದರು. ಗಣಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಮೇಕೆ ಮೇಯಿಸುತ್ತಿದ್ದವರು.

"ಚಿನ್ನ ಸಿಕ್ತೇನಮ್ಮಾ? ಗಣಿ ತಿರ್ಗಾ ತೆಗೀತಾರಾ?"

"ಇಲ್ಲ ತಾತ, ಹೂವಿನ ಗಿಡ" ಅನ್ನುವಾಗ ನಾನೇ ಏನೋ ತಪ್ಪು ಮಾಡಿದಂತಾಯಿತು.

ಅವರು ಮೊಗ್ಗನ್ನೇ ತುಂಬ ಹೊತ್ತು ನೋಡಿದರು. "ಹೂವು ಅಂತ ಯಾರ್ಗೂ ಏಳ್ಬೇಡ ಕಣಮ್ಮಾ, ಕಿತ್ಕೊಂಡು ಮುಡ್ಕೋತಾರೆ. ಗಣಿ ಸರ್ವೆ ಗೂಟ ಅಂದ್ರೆ ಈ ಊರಾಗೆ ಯಾರೂ ಮುಟ್ಟಲ್ಲ. ನಾನ್ ಏಳ್ಕೋತೀನಿ ಬಿಡು."

ಹಾಗೇ ಹೇಳಿಕೊಂಡು ಬಂದರು. ಲಿಲ್ಲಿ ಅರಳಿತು, ನಾನು ಹುಡುಕುತ್ತಿದ್ದ ಜಾತಿಯೇ. ಒಂದು ಹೂವೂ ಹೋಗಲಿಲ್ಲ. ವರದಿಯಲ್ಲಿ 'ಸ್ಥಳೀಯರ ಸಹಕಾರದಿಂದ' ಎಂದು ಬರೆದೆ.

ಈಗ ನಾನು ಆ ಗಣಿಯೂರು ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದರೆ ಸಾಕು, ಯಾರಾದರೂ ಹತ್ತಿರ ಬಂದು, "ಮೇಡಂ, ಗಣಿ ಕೆಲಸಕ್ಕೆ ಯಾವಾಗ ಕರೀತೀರಿ?" ಅಂತ ಕೇಳುತ್ತಾರೆ. ಮೊನ್ನೆ ಕೇಳಿದವಳು ತಾತನ ಮಗಳು.

ಪುಣ್ಯಾತ್ಮ, ಮನೆಯಲ್ಲೂ ಬಾಯಿ ಬಿಟ್ಟಿಲ್ಲ.